ಐದು ಅಂಕದ ಪತ್ರಗಳು

ಚಿಂಚೋಳಿ
17-11-2024

ಪ್ರೀತಿಯ ಲುಂಬಿನಿ,

‘ತಕ್ಕಡಿಯ ಮೇಲೆ ಕೂತ ಹಕ್ಕಿ ಹಾಡುವುದಿಲ್ಲ’ ಎಂದು ಒಂದು ಸಾಲು. ಎಂ.ಎ. ಓದುವಾಗ ಎಲ್ಲೋ ಕಣ್ಣಿಗೆ ಬಿದ್ದದ್ದು. ಹಿಂದಿನ ಸಾಲೂ ನೆನಪಿಲ್ಲ, ಮುಂದಿನದೂ ಇಲ್ಲ. ಆಗ ತುಂಬ ಸುಂದರ ಅನ್ನಿಸಿತ್ತು. ಈಗ ಅನುಮಾನ ಬರುತ್ತಿದೆ. ಹಕ್ಕಿ ತಾನಾಗಿ ಹೋಗಿ ತಕ್ಕಡಿಯ ಮೇಲೆ ಕೂರುತ್ತದೆಯೇ? ಕೂರಿಸಿದ ಕೈ ಯಾರದೆಂದು ಆ ಕವಿತೆ ಹೇಳಿತ್ತೋ ಇಲ್ಲವೋ ಜ್ಞಾಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯ ದಿನ ನೀನು ನಲವತ್ತು ನಿಮಿಷ ಬರೀ ನಿನ್ನ ನಂಬರು ಬರೆದು ಕೂತಿದ್ದೆ. ಕೇಳಿದ್ದಕ್ಕೆ, “ಮೇಡಂ, ಎಲ್ಲಾ ಬರ್ತದ್ರಿ. ಪೇಪರ್ ಕೈಗಿ ಬಂದ ಕೂಡ್ಲೆ ಓಡಿ ಹೋಗ್ತದ” ಅಂದೆ. ಇಡೀ ಕೋಣೆ ನಕ್ಕಿತು. ನಾನೂ ಸ್ವಲ್ಪ ನಕ್ಕೆ. ನಿನ್ನ ಅಂಗೈ ಬೆವರಿಗೆ ಉತ್ತರಪತ್ರಿಕೆಯ ಮೇಲಿನ ನಂಬರು ಹರಡಿಹೋಗಿತ್ತು. ಅದನ್ನು ನೋಡಿದ ಮೇಲೆ ನಗಬಾರದಿತ್ತು ಅನ್ನಿಸಿತು.

ಹಿಂದುಳಿದ ಮಕ್ಕಳನ್ನು ಶಿಕ್ಷಕರಿಗೆ ಐದೈದರಂತೆ ದತ್ತು ಕೊಟ್ಟಾಗ ನೀನು ನನ್ನ ಪಾಲಿಗೆ ಬಂದೆ. ದಿನಾ ಬೆಳಿಗ್ಗೆ ಐದಕ್ಕೆ ಮಿಸ್ಡ್ ಕಾಲ್ ಕೊಟ್ಟು ನಿಮ್ಮನ್ನೆಲ್ಲ ಎಬ್ಬಿಸುತ್ತಿದ್ದೆ. ನಡುವರ್ಷದಲ್ಲಿ ನಮ್ಮ ಸಂಸ್ಥೆ ನನ್ನನ್ನು ವಾಡಿಯಿಂದ ಚಿಂಚೋಳಿಯ ಶಾಲೆಗೆ ಹಾಕಿತು. ಹೊರಡುವ ದಿನ ನಿಮ್ಮ ಯಾರನ್ನೂ ಮಾತಾಡಿಸದೆ ಬಂದೆ. ಗಡಿಬಿಡಿ ಇತ್ತು.

ನಿಮ್ಮ ಮನೆಯ ಫೋನು ಅಪ್ಪನ ಜೊತೆ ಶಹಾಬಾದಿಗೆ ಹೋಗುತ್ತದೆ ಎಂದು ಗೊತ್ತು. ಅದಕ್ಕೆ ಈ ಏರ್ಪಾಡು. ಇದರೊಂದಿಗೆ ಹತ್ತು ಕವರು ಇಟ್ಟಿದ್ದೇನೆ. ಅಂಚೆಚೀಟಿ ಹಚ್ಚಿದೆ, ನನ್ನ ವಿಳಾಸ ಬರೆದಿದೆ. ಹದಿನೈದು ದಿನಕ್ಕೊಂದು ಪತ್ರ ಬರೆ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನಕ್ಕೆ ಐದು ಅಂಕ. ತಿದ್ದಿ, ಅಂಕ ಹಾಕಿ ಕಳಿಸುತ್ತೇನೆ. ಕೈಗೆ ರೂಢಿಯಾದರೆ ಭಯ ತಾನೇ ಹೋಗುತ್ತದೆ. ಎದೆ ಹೊಡೆದುಕೊಂಡರೆ ಪೆನ್ನು ಕೆಳಗಿಟ್ಟು ಹತ್ತು ಸಲ ಉಸಿರು ಎಳೆದು ಬಿಡು, ಆಮೇಲೆ ಬರೆ.

ಮೊದಲ ಪತ್ರ: ನಿನ್ನ ವ್ಯಾಸಂಗದ ಪ್ರಗತಿಯನ್ನು ತಿಳಿಸಿ ತಂದೆಗೆ. ನಿನ್ನ ಸ್ವಂತ ಹೆಸರು ಹಾಕಬೇಡ, ಪರೀಕ್ಷೆಯಲ್ಲಿ ಹಾಕುವಂತಿಲ್ಲ. ವಾಡಿಯಲ್ಲಿ ಓದುವ ಸೇಡಂನ ಉಮಾದೇವಿ ಎಂದು ಭಾವಿಸಿಕೊಂಡು ಬರೆ.

ನಿನ್ನ ಮೇಡಂ,
ರಾಜೇಶ್ವರಿ


ವಾಡಿ
27-11-2024

ಕ್ಷೇಮ

ತೀರ್ಥರೂಪು ತಂದೆಯವರಿಗೆ ನಿಮ್ಮ ಮಗಳು ಉಮಾದೇವಿ ಮಾಡುವ ಜೈಭೀಮ್.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವು ಕ್ಷೇಮವೆಂದು ನಂಬಿದ್ದೇನೆ. ನನ್ನ ಓದು ಚೆನ್ನಾಗಿ ನಡೆದಿದೆ. ದಿನಾಲು ಬೆಳಿಗ್ಗೆ ಐದು ಗಂಟೆಗೆ ಎದ್ದು ಓದುತ್ತೇನೆ. ಎಲ್ಲ ವಿಷಯಗಳಲ್ಲಿ ಒಳ್ಳೆಯ ಅಂಕ ಬರುತ್ತಿವೆ. ನೀವು ನನ್ನ ಬಗ್ಗೆ ಚಿಂತೆ ಮಾಡಬಾರದು. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು,
ಉಮಾದೇವಿ

ಮೇಡಂ, ಪತ್ರ ಇಲ್ಲಿಗೆ ಮುಗಿಯಿತು. ಇದರ ಕೆಳಗೆ ಇರುವುದಕ್ಕೆ ಅಂಕ ಹಾಕಬೇಡಿ.

ನೀವು ಹೋದ ಮೇಲೆ ಐದಕ್ಕೆ ಫೋನ್ ಬರುವುದಿಲ್ಲ. ಆದರೂ ಎಚ್ಚರ ಆಗುತ್ತದೆ. ಎದ್ದು ಕೂಡುತ್ತೇನೆ. ಓದಿದ್ದು ತಲೆಗೆ ಹೋಗುತ್ತದೆ, ಖರೆ ಹೇಳುತ್ತೇನೆ. ಆದರೆ ಸೋಮವಾರ ಗಣಿತ ಟೆಸ್ಟಿನ ಮುಂಜಾನೆ ವಾಂತಿ ಆಯಿತು. ಅಪ್ಪನಿಗೆ ಹೇಳಲಿಲ್ಲ. ಅಪ್ಪ ಶಹಾಬಾದಿನ ಪಾಲಿಶ್ ಮಿಷಿನ್ನಿನಿಂದ ಬರುವಾಗ ಹುಬ್ಬು, ಮೀಸೆ ಎಲ್ಲ ಪರಸಿ ಕಲ್ಲಿನ ಪುಡಿಯಿಂದ ಬೆಳ್ಳಗಾಗಿರುತ್ತವೆ. ಕೈ ತೊಳೆಯುವ ಮೊದಲೇ ಕೇಳುತ್ತಾರೆ, “ಎಷ್ಟ್ ಬಿದ್ದಾವ?” ನಾನು “ಇನ್ನಾ ಪೇಪರ್ ಕೊಟ್ಟಿಲ್ಲಪ್ಪಾ” ಅನ್ನುತ್ತೇನೆ. ಮೂರು ಟೆಸ್ಟಿನಿಂದ ಇದೇ ಹೇಳುತ್ತಿದ್ದೇನೆ. ಅಪ್ಪ ನಕ್ಕು, “ನಿಮ್ಮ ಸರ್ ಪೇಪರ್ ತಿದ್ದತಾರೋ, ತಿಂತಾರೋ?” ಅಂದರು.

ಬಾಜೂ ಮನೆಯ ಮಾಸುಮಬಿ ಚಾಚಿಗೆ ವಾಂತಿಯ ಸಪ್ಪಳ ಕೇಳಿತ್ತು. ಶುಂಠಿ ಚಹಾ ತಂದು ಕೊಟ್ಟು, “ಏ ಪೋರಿ, ಮಾರ್ಕ್ಸ್ ಅಂದ್ರ ಏನ್ ಹುಲಿ ಏನ? ನಮ್ಮ ಶೌಕತ ಅಲಿ ಮೂರು ಸಲ ಫೇಲಾದ, ಹುಲಿ ಹಿಡೀತೇನು? ಈಗ ನೋಡು ಸ್ಟೇಷನ್ನಿನಾಗ ಹ್ಯಾಂಗ ಸಮೋಸಾ ಮಾರ್ತಾನ, ನಿಮ್ಮ ಹೆಡ್‌ಮಾಸ್ತರಗಿಂತ ದಪ್ಪ ಆಗ್ಯಾನ” ಅಂದಳು. ನನಗೆ ನಗು ಬಂತು. ಅವತ್ತು ಹದಿನೆಂಟು ಬಿದ್ದವು. ಐವತ್ತಕ್ಕೆ.

ಇನ್ನೊಂದು. ಹೆಡ್‌ಮಾಸ್ತರ ಗುರುಲಿಂಗಯ್ಯ ಸರ್ ಪಾಸಾಗುವವರು, ಫೇಲಾಗುವವರು ಎಂದು ಹೆಸರುಗಳ ಎರಡು ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಚ್ಚಿದ್ದಾರೆ. ಫೇಲಾಗುವವರದು ಕೆಂಪು ಪಟ್ಟಿ, ಅವರು ಪಡಸಾಲೆಯಲ್ಲಿ ಕೂಡಬೇಕು. ನೀವು ದತ್ತು ತೆಗೆದುಕೊಂಡ ಐದೂ ಮಂದಿ ಹೊರಗೆ ಇದ್ದೇವೆ. ಒಳಗೆ ಕಲಿಸುವುದು ಕಿಟಕಿಯಿಂದ ಅರ್ಧ ಕೇಳುತ್ತದೆ.

ಲುಂಬಿನಿ


ಚಿಂಚೋಳಿ
6-12-2024

ಪ್ರೀತಿಯ ಲುಂಬಿನಿ,

ಪತ್ರ ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ಎರಡೂವರೆ ಅಂಕ. ಬೇಸರ ಮಾಡಿಕೊಳ್ಳಬೇಡ. ಸ್ಥಳ, ದಿನಾಂಕ ಸರಿ ಇದೆ. ಹೊರವಿಳಾಸ ಬರೆದಿಲ್ಲ, ಅದಕ್ಕೆ ಒಂದು ಅಂಕ ಹೋಯಿತು. ಒಡಲು ತೀರಾ ಚಿಕ್ಕದು. ಸಂಬೋಧನೆಯಲ್ಲಿ ‘ಜೈಭೀಮ್’ ಎಂದಿದ್ದನ್ನು ಹೊಡೆದು ‘ನಮಸ್ಕಾರಗಳು’ ಮಾಡಿದ್ದೇನೆ. ನನಗೇನೂ ಅಡ್ಡಿಯಿಲ್ಲ. ಆದರೆ ಮೌಲ್ಯಮಾಪನಕ್ಕೆ ಕೂತವರು ಯಾರೋ, ಹೇಗೋ. ನೀನು ಯಾರೆಂದು ಅವರಿಗೆ ತಿಳಿಯದಿದ್ದಷ್ಟೂ ಒಳ್ಳೆಯದು.

ಪಡಸಾಲೆಯ ವಿಷಯ ಓದಿದೆ. ಅದನ್ನು ಅವಮಾನವೆಂದು ತಿಳಿಯಬೇಡ. ಹೊರಗೆ ಗಾಳಿ, ಬೆಳಕು ಚೆನ್ನಾಗಿರುತ್ತದೆ. ಸರ್ ಕಠಿಣವಾಗಿ ಕಾಣುತ್ತಾರೆ, ಆದರೆ ಶಾಲೆಯ ಫಲಿತಾಂಶದ ಭಾರ ಅವರ ತಲೆಯ ಮೇಲಿದೆ. ಕಳೆದ ವರ್ಷ ಗೇಟಿಗೆ ಕಟ್ಟಿದ ‘ಶೇಕಡಾ ನೂರು’ ಫ್ಲೆಕ್ಸ್ ನೀನು ನೋಡಿದ್ದೀಯಲ್ಲ.

ಅಪ್ಪನಿಗೆ ಅಂಕ ಮುಚ್ಚಿಡುವುದು ತಪ್ಪು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು. ಹೇಳಿದ ಮೇಲೆ ಮನಸ್ಸು ಹಗುರವಾಗುತ್ತದೆ.

ನಾನಿಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಹಿಂದಿನ ಕಿಟಕಿ ತೆಗೆದರೆ ದೂರದಲ್ಲಿ ಗುಡ್ಡದ ಸಾಲು ಕಾಣುತ್ತದೆ. ನಾನು ಕೇಳಿದ್ದು ಸೇಡಂ ಶಾಲೆಯನ್ನು. ಮನೆ ಅಲ್ಲಿದೆ, ಅತ್ತೆ ಹಾಸಿಗೆ ಹಿಡಿದಿದ್ದಾರೆ. ಕೊಟ್ಟದ್ದು ಇದನ್ನು. ಇರಲಿ, ಇದೆಲ್ಲ ನಿನಗೆ ಬೇಡ.

ಮುಂದಿನ ಪತ್ರ ವ್ಯಾವಹಾರಿಕವಾಗಿರಲಿ. ಮುಖ್ಯಗುರುಗಳಿಗೆ ಒಂದು ಅರ್ಜಿ. ವಿಷಯ ನೀನೇ ಆರಿಸಿಕೋ.

ರಾಜೇಶ್ವರಿ


ವಾಡಿ
19-12-2024

ಇವರಿಂದ,
ಲುಂಬಿನಿ, ತಂದೆ ರತ್ನದೀಪ,
ಹತ್ತನೆಯ ತರಗತಿ ‘ಬಿ’ ವಿಭಾಗ, ವಾಡಿ

ಇವರಿಗೆ,
ಮಾನ್ಯ ಮುಖ್ಯಗುರುಗಳು, ವಾಡಿ

ವಿಷಯ: ನನ್ನ ಹಾಜರಿಯನ್ನು ಸರಿಪಡಿಸುವ ಕುರಿತು.

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕಳೆದ ಸೋಮವಾರ ತಾವು ನನ್ನ ತಂದೆಯವರನ್ನು ಕರೆಸಿ, ನಾನು ಜೂನ್‌ನಿಂದ ಅಕ್ಟೋಬರ್‌ವರೆಗೆ ನಲವತ್ತೊಂದು ದಿನ ಗೈರುಹಾಜರಾಗಿದ್ದೇನೆ ಎಂದೂ, ಆದ್ದರಿಂದ ನನಗೆ ಪರೀಕ್ಷೆಗೆ ಕೂಡಲು ಬರುವುದಿಲ್ಲವೆಂದೂ, ಬರುವ ವರ್ಷ ಖಾಸಗಿಯಾಗಿ ಕಟ್ಟಬೇಕೆಂದೂ ಹೇಳಿರುತ್ತೀರಿ. ನಾನು ಎರಡು ದಿನ ಮಾತ್ರ ಶಾಲೆ ತಪ್ಪಿಸಿರುತ್ತೇನೆ. ಒಂದು ದಿನ ಜ್ವರ. ಇನ್ನೊಂದು ದಿನ ಅಪ್ಪನ ಬೆರಳು ಮಿಷಿನ್ನಿಗೆ ಸಿಕ್ಕಿ ದವಾಖಾನೆಗೆ ಹೋಗಿದ್ದೆ. ಉಳಿದ ಎಲ್ಲ ದಿನ ತರಗತಿಯ ಶಿಕ್ಷಕಿಯವರು ಹೆಸರು ಕರೆದಾಗ ‘ಹಾಜರ್’ ಎಂದಿರುತ್ತೇನೆ. ಕಾರಣ ದಯಾಳುಗಳಾದ ತಾವು ಹಾಜರಿ ಪುಸ್ತಕ ಪರಿಶೀಲಿಸಿ, ನನಗೆ ಪರೀಕ್ಷೆ ಬರೆಯಲು ಅನುಮತಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮ ವಿಧೇಯ ವಿದ್ಯಾರ್ಥಿನಿ,
ಲುಂಬಿನಿ

ಮೇಡಂ, ಇದು ಹೇಗಿದೆ ನೋಡಿ ಹೇಳಿರಿ. ಬೇಗ ಹೇಳಿರಿ.


ಚಿಂಚೋಳಿ
30-12-2024

ಪ್ರೀತಿಯ ಲುಂಬಿನಿ,

ಶಹಬ್ಬಾಸ್! ನಾಲ್ಕೂವರೆ. ನಮ್ಮ ತರಗತಿಯಲ್ಲಿ ಯಾರಿಗೂ ನಾನು ಅರ್ಜಿಗೆ ಇಷ್ಟು ಹಾಕಿದ್ದಿಲ್ಲ. ಇವರಿಂದ, ಇವರಿಗೆ, ವಿಷಯ, ವಿಧೇಯತೆ, ಎಲ್ಲ ತನ್ನ ತನ್ನ ಜಾಗದಲ್ಲಿದೆ. ವಿಷಯವನ್ನು ಚೆನ್ನಾಗಿ ಕಲ್ಪಿಸಿಕೊಂಡಿದ್ದೀಯ. ಕಾರಣಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದೀಯ. ಸ್ವಂತ ಹೆಸರು ಬರೆದದ್ದಕ್ಕೆ ಅರ್ಧ ಅಂಕ ಕಳೆದಿದ್ದೇನೆ. ‘ದವಾಖಾನೆ’ ಹೊಡೆದು ‘ಆಸ್ಪತ್ರೆ’ ಮಾಡಿದ್ದೇನೆ.

ನೋಡಿದೆಯಾ, ಭಯವಿಲ್ಲದೆ ಕೂತರೆ ನಿನ್ನ ಕೈ ಎಷ್ಟು ಚೆನ್ನಾಗಿ ಓಡುತ್ತದೆ! ಹೊಸ ವರ್ಷದ ಶುಭಾಶಯ. ಗಣಿತದ ಪ್ರಮೇಯಗಳನ್ನು ದಿನಕ್ಕೊಂದರಂತೆ ಬರೆದು ನೋಡು.

ರಾಜೇಶ್ವರಿ


ವಾಡಿ
12-1-2025

ಮೇಡಂ,

ಇದಕ್ಕೆ ಅಂಕ ಹಾಕಬೇಡಿ. ಕ್ಷೇಮ, ವಿಷಯ ಏನೂ ಬರೆದಿಲ್ಲ, ಅವಸರದಲ್ಲಿದ್ದೇನೆ.

ನಿಮ್ಮ ನಾಲ್ಕೂವರೆ ನೋಡಿ ನನಗೆ ಎಷ್ಟು ಸಂತೋಷ ಆಯಿತು ಅಂದರೆ, ಓಡಿ ಹೋಗಿ ಚಾಚಿಗೆ ತೋರಿಸಿದೆ. ಚಾಚಿಗೆ ಓದಲು ಬರುವುದಿಲ್ಲ, ಕೆಂಪು ಅಕ್ಷರ ನೋಡಿ “ಯಾ ಅಲ್ಲಾ, ಇಷ್ಟ್ ರಕ್ತ ಬಂದದಲ್ಲ” ಅಂದಳು. ಅರ್ಜಿ ಸರಿ ಇದೆ ಎಂದು ನೀವೇ ಹೇಳಿದ ಮೇಲೆ ಹೆದರುವುದೇಕೆ ಎಂದು ಅದನ್ನೇ ಗುರುಲಿಂಗಯ್ಯ ಸರ್‌ಗೆ ಕೊಟ್ಟೆ. ನಿಮ್ಮ ಕೆಂಪು ಅಂಕದ ಸಮೇತ ಕೊಟ್ಟೆ. ನಿಮ್ಮ ಅಕ್ಷರ ಇದ್ದರೆ ಸರ್ ನಂಬುತ್ತಾರೆ ಅನ್ನಿಸಿತು. ಅಪ್ಪನೂ ಪಾಳಿ ಬಿಟ್ಟು ನನ್ನ ಜೊತೆ ಬಂದಿದ್ದರು.

ಸರ್ ಓದಿ ಜೋರಾಗಿ ನಕ್ಕರು. “ನಾಲ್ಕೂವರೆ! ಭೇಷ್! ಏನಪಾ ರತ್ನದೀಪ, ನಿನ್ನ ಮಗಳು ಭಾರೀ ವಕೀಲ ಆಗ್ತಾಳ” ಅಂದರು.

ಅಪ್ಪ ಕೈಕಟ್ಟಿ ನಿಂತಿದ್ದರು. “ಸರ್, ಪೋರಿ ದಿನಾ ಬಂದಾಳ್ರಿ. ನಾನೇ ಚಾಳೀಸ ಸಲ ಸೈಕಲ್ ಮ್ಯಾಲ ತಂದು ಬಿಟ್ಟೀನಿ.”

“ನೀ ಬಿಟ್ಟಿ, ಆಕಿ ಒಳಗ ಬಂದಾಳಂತ ಗ್ಯಾರಂಟಿ ಏನು? ಸ್ಟೇಷನ್ ಕಡಿ ಅಡ್ಡ್ಯಾಡಿರಬೇಕು.”

“ಹಂಗ ಅನ್ನಬ್ಯಾಡ್ರಿ ಸರ್. ಹೆಣ್ಣ ಹುಡುಗಿ ಅದ.”

ಆಗ ಸರ್ ಕಪಾಟಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಒಗೆದರು. “ನಾನೆಲ್ಲಿ ಅಂತೀನಪಾ? ಆಕಿ ಮೇಡಂರೇ ಅಂದಾರ. ಓದು. ನಿನಗ ಬರದಿದ್ರ ಆಕಿ ಓದ್ತಾಳ, ನಾಲ್ಕೂವರೆ ತಗೊಂಡಾಳಲ್ಲ.”

ನಾನು ಓದಿದೆ. ಹಾಜರಿ ಕೊರತೆ ಇರುವ ವಿದ್ಯಾರ್ಥಿಗಳು ಎಂದು ಇತ್ತು. ನಮ್ಮ ಐದು ಮಂದಿಯ ಹೆಸರು. ನನ್ನದರ ಮುಂದೆ 41. ಕೆಳಗೆ ತರಗತಿ ಶಿಕ್ಷಕರ ಸಹಿ ಎಂದು ನಿಮ್ಮ ಸಹಿ, ನೀವು ಹೊರಡುವ ಹಿಂದಿನ ದಿನದ ತಾರೀಖು.

ಮೇಡಂ, ಅದು ನಿಮ್ಮ ಸಹಿ ಅಲ್ಲ ಎಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ನೀವು ಸಹಿಯ ಕೆಳಗೆ ಉದ್ದ ಗೆರೆ ಎಳೆಯುತ್ತೀರಿ. ಅಲ್ಲಿ ಗೆರೆ ಅರ್ಧಕ್ಕೆ ನಿಂತಿತ್ತು. ನಾನು ಸರ್‌ಗೆ ಹೇಳಿಯೇಬಿಟ್ಟೆ, “ಇದು ಖೊಟ್ಟಿ ಸಹಿ ಅದರಿ. ನಮ್ಮ ಮೇಡಂ ಹಿಂಗ ಮಾಡೂದಿಲ್ಲ.” ಸರ್ ಕುರ್ಚಿಯಿಂದ ಎದ್ದರು. ಅಪ್ಪ ಅಲ್ಲೇ ನನ್ನ ಕಪಾಳಕ್ಕೆ ಹೊಡೆದರು. ಮೊದಲನೇ ಸಲ ಹೊಡೆದದ್ದು. ಹೊರಗೆ ಬಂದ ಮೇಲೆ ಅಪ್ಪನೇ ಅತ್ತರು.

ಮೇಡಂ, ನೀವು ಒಂದು ಪತ್ರ ಬರೆಯಿರಿ. ಜಾಸ್ತಿ ಬೇಡ. ಲುಂಬಿನಿ ದಿನಾಲು ಶಾಲೆಗೆ ಬಂದಿದ್ದಾಳೆ, ಆ ಸಹಿ ನನ್ನದಲ್ಲ, ಇಷ್ಟೇ. ಪರೀಕ್ಷೆಗೆ ಕೂಡುವವರ ಹೆಸರು ಇದೇ ತಿಂಗಳ ಮೂವತ್ತೊಂದಕ್ಕೆ ಪಕ್ಕಾ ಆಗುತ್ತವಂತೆ. ನನಗೆ ಕಳಿಸಿರಿ, ನಾನೇ ಒಯ್ದು ಕೊಡುತ್ತೇನೆ.

ಒಂದು ಸೋಜಿಗ. ಪರೀಕ್ಷೆಗೆ ಕೂಡಲು ಬಿಡುವುದಿಲ್ಲ ಅಂದ ದಿನದಿಂದ ನನಗೆ ಪರೀಕ್ಷೆಯ ಹೆದರಿಕೆ ಹೋಗಿದೆ. ಕೈ ಬೆವರುವುದಿಲ್ಲ. ಮನೆಯಲ್ಲಿ ಹಳೆ ಪೇಪರ್ ಇಟ್ಟುಕೊಂಡು ಗಣಿತ ಬಿಡಿಸಿದೆ, ಎಂಬತ್ತಕ್ಕೆ ಐವತ್ತೆರಡು ಬಂದವು. ಬೇಕಾದರೆ ಹಾಳೆ ಕಳಿಸುತ್ತೇನೆ.

ಲುಂಬಿನಿ


ವಾಡಿ
26-1-2025

ಮೇಡಂ,

ಪತ್ರ ಮುಟ್ಟಿತೋ ಇಲ್ಲವೋ. ಇವತ್ತು ಝೆಂಡಾ ಹಾರಿಸಿದ ಮೇಲೆ ಅಂಚೆಯಣ್ಣ ಅಮೀರ್ ಅಲಿಯವರನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದೆ. “ಚಿಂಚೋಳಿದು ಏನೂ ಬಂದಿಲ್ಲವಾ. ಬಂದ್ರ ನಿಮ್ಮ ಮನಿ ಬಾಗಲಕ್ಕ ಮೊದಲ ಒಗೀತೀನಿ” ಅಂದರು.

ಇನ್ನು ಐದು ದಿನ ಇವೆ. ಹಳೆಯ ಪತ್ರ ಕಳೆದಿದ್ದರೆ ಎಂದು ಅದನ್ನೇ ಮತ್ತೊಮ್ಮೆ ಬರೆದು ಇದರಲ್ಲಿ ಇಟ್ಟಿದ್ದೇನೆ.

ಲುಂಬಿನಿ


ಚಿಂಚೋಳಿ
9-2-2025

ಪ್ರೀತಿಯ ಲುಂಬಿನಿ,

ನಿನ್ನ ಎರಡೂ ಪತ್ರ ತಲುಪಿವೆ. ಉತ್ತರ ತಡವಾಯಿತು. ಇಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ನನ್ನ ಮೇಲೆ ಬಿತ್ತು. ನಡುವೆ ಅತ್ತೆಗೆ ಹೆಚ್ಚಾಗಿ ಎರಡು ಸಲ ಸೇಡಂಗೆ ಹೋಗಿಬಂದೆ.

ಗಣಿತದಲ್ಲಿ ಐವತ್ತೆರಡು ಬಂದದ್ದು ಓದಿ ಹೆಮ್ಮೆಯಾಯಿತು. ಭಯ ಹೋಗಿದೆ ಎಂದಿದ್ದೀಯ, ಅದಕ್ಕಿಂತ ದೊಡ್ಡ ಫಲಿತಾಂಶ ಇಲ್ಲ. ಅಂಕ ಎನ್ನುವುದು ಒಂದು ದಿನದ ಮಾತು. ಮನುಷ್ಯರನ್ನು ಅಳೆಯುವ ಮಾಪು ಅದಲ್ಲ. ಇದನ್ನು ನಾನು ಇಪ್ಪತ್ತೆರಡು ವರ್ಷ ಪಾಠ ಹೇಳಿದ ಮೇಲೆ ಹೇಳುತ್ತಿದ್ದೇನೆ. ನನ್ನ ಜೊತೆ ಓದಿದವರಲ್ಲಿ ಮೊದಲ ಸ್ಥಾನ ಬಂದವಳು ಈಗ ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿಲ್ಲ. ಕಾಯುವುದನ್ನು ಕಲಿತವರು ಸೋಲುವುದಿಲ್ಲ. ಒಂದು ವರ್ಷ ಎಂದರೆ ಏನು? ಇಲ್ಲಿ ಕಿಟಕಿಯಾಚೆ ಮುತ್ತುಗದ ಗಿಡಗಳು ಪೂರಾ ಎಲೆ ಉದುರಿಸಿ ನಿಂತಿವೆ. ಇನ್ನು ಹದಿನೈದು ದಿನಕ್ಕೆ ಅವೇ ಗಿಡ ಉರಿದ ಹಾಗೆ ಹೂಬಿಡುತ್ತವೆ.

ಸಹಿಯ ವಿಷಯ ಪತ್ರದಲ್ಲಿ ಬರೆಯುವಂಥದ್ದಲ್ಲ. ಎದುರಿಗೆ ಸಿಕ್ಕಾಗ ಮಾತಾಡೋಣ. ನೀನು ಸರ್ ಮುಂದೆ ಹಾಗೆ ಮಾತಾಡಬಾರದಿತ್ತು. ಹಿರಿಯರ ಮೇಲೆ ಆರೋಪ ಮಾಡುವ ಮೊದಲು ಯೋಚಿಸಬೇಕು.

ಬೆಳಿಗ್ಗೆ ನೆನೆಸಿದ ಶೇಂಗಾ ತಿನ್ನು. ಓದು ಬಿಡಬೇಡ.

ರಾಜೇಶ್ವರಿ


ವಾಡಿ
20-2-2025

ಮೇಡಂ,

ನಿಮ್ಮ ಪತ್ರವನ್ನು ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ಕೆಂಪು ಪೆನ್ನು ಚಾಚಿಯ ಮೊಮ್ಮಗಳದು.

ಸ್ಥಳ, ದಿನಾಂಕ: ಒಂದು.
ಸಂಬೋಧನೆ: ಅರ್ಧ. ‘ಪ್ರೀತಿಯ’ ಹೊಡೆದಿದ್ದೇನೆ.
ಭಾಷೆ: ಒಂದು. ಮುತ್ತುಗದ ಗಿಡ ಚೆನ್ನಾಗಿದೆ.
ವಿಷಯ: ಸೊನ್ನೆ. ಕೇಳಿದ ಪ್ರಶ್ನೆಗೆ ಉತ್ತರ ಬರೆದಿಲ್ಲ.
ಒಟ್ಟು ಎರಡೂವರೆ.

ನಾನು ನಿಮ್ಮ ಸಹಿಗಳನ್ನೆಲ್ಲ ತೆಗೆದು ನೋಡಿದೆ. ಈ ಪತ್ರಗಳ ಕೆಳಗಿನವು. ಎಲ್ಲದರಲ್ಲೂ ಗೆರೆ ಅರ್ಧಕ್ಕೆ ನಿಂತಿದೆ. ಚಿಂಚೋಳಿಗೆ ಹೋದ ಮೇಲೆ ನೀವು ಉದ್ದ ಗೆರೆ ಎಳೆಯುವುದನ್ನು ಬಿಟ್ಟಿದ್ದೀರಿ. ಅಥವಾ ಅದಕ್ಕಿಂತ ಒಂದು ದಿನ ಮುಂಚೆ ಬಿಟ್ಟಿದ್ದೀರಿ.

ನಿನ್ನೆ ಹಾಲ್ ಟಿಕೆಟ್ ಯಾರಿಗೆ ಬರುತ್ತವೆ ಎಂದು ಹೆಸರು ಓದಿದರು. ನಾವು ಐದು ಮಂದಿ ಪಡಸಾಲೆಯಲ್ಲಿ ನಿಂತು ಕೇಳಿದೆವು. ಕೊನೆಯ ಹೆಸರು ಆದ ಮೇಲೆ ಸರ್ ಹೊರಗೆ ಬಂದು, “ನೀವಿನ್ನ ನಾಳಿಂದ ಬರೂದ ಬ್ಯಾಡ, ಬಿಸಲಾಗ ಯಾಕ ಸುಡ್ತೀರಿ” ಅಂದರು. ಮುಂಚೆ ನಮಗೆ ಹಾಜರಿ ಕಡಿಮೆ ಅಂದವರು ಅವರೇ.

ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ನೀವು ಬರೆದಿದ್ದಿರಿ. ಹೇಳಿದೆ. ಹೇಳಿದ ಮೇಲೆ ಮನಸ್ಸು ಹಗುರ ಆಗುವುದಿಲ್ಲ ಮೇಡಂ.

ಇನ್ನು ಐದು ಕವರು ಉಳಿದಿವೆ. ಅವೂ ಇದರಲ್ಲಿವೆ. ನಿಮಗೆ ಬೇರೆ ದತ್ತು ಮಕ್ಕಳು ಇರುತ್ತಾರೆ.

ಲುಂಬಿನಿ, ತಂದೆ ರತ್ನದೀಪ


ಚಿಂಚೋಳಿ
5-3-2025

ಲುಂಬಿನಿ,

ಸಹಿ ನನ್ನದೇ.

ಈ ಒಂದು ಸಾಲನ್ನು ಬರೆಯಲು ಎರಡು ತಿಂಗಳು ಬೇಕಾಯಿತು. ನೀನು ಸೊನ್ನೆ ಹಾಕಿದ್ದು ಸರಿ. ಉಳಿದ ಎರಡೂವರೆ ದಾಕ್ಷಿಣ್ಯಕ್ಕೆ ಹಾಕಿದ್ದೀಯ.

ವಾಡಿ ಬಿಡುವ ಹಿಂದಿನ ದಿನ ಗುರುಲಿಂಗಯ್ಯ ಸರ್ ನನ್ನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಎರಡು ಕಾಗದ ಇದ್ದವು. ಒಂದು, ನನ್ನನ್ನು ಸೇಡಂ ಶಾಲೆಗೆ ಕಳಿಸಲು ಶಿಫಾರಸು. ಇನ್ನೊಂದು, ನೀನು ನೋಡಿದ ಪಟ್ಟಿ. “ನೋಡ್ರಿ ಮೇಡಂ, ನೀವು ಇದಕ್ಕ ಹಾಕ್ರಿ, ನಾ ಅದಕ್ಕ ಹಾಕ್ತೀನಿ. ಐದು ಹುಡುಗರು ಕುಂತ್ರ ಫೇಲು, ಕೂಡದಿದ್ರ ಲೆಕ್ಕಕ್ಕೇ ಇಲ್ಲ. ಅವಕ್ಕೂ ಸುಖ, ನಮಗೂ ಸುಖ” ಎಂದರು. “ಸರ್, ಲುಂಬಿನಿ ದಿನಾ ಬಂದಾಳ್ರಿ” ಎಂದೆ. ಅಂದದ್ದು ನಿಜ, ಅಷ್ಟರ ಮಟ್ಟಿಗೆ ನಂಬು. ಅವರು, “ಬಂದು ಏನ್ ಬರದಾಳ್ರಿ? ನಂಬರ್!” ಎಂದು ನಕ್ಕರು. ನನಗೆ ನಿನ್ನ ಆ ಉತ್ತರಪತ್ರಿಕೆ ಕಣ್ಣಮುಂದೆ ಬಂತು. ಇವಳು ಹೇಗೂ ಬರೆಯಲಾರಳು. ಕೂತು ನಪಾಸಾಗುವ ಬದಲು ಒಂದು ವರ್ಷ ತಡೆದು ಕೂತರೆ ಒಳ್ಳೆಯದೇ ಎಂದು ನನಗೆ ನಾನೇ ಹೇಳಿಕೊಂಡೆ. ಐದು ಹೆಸರೂ ನನಗೆ ದತ್ತು ಕೊಟ್ಟವರವೇ. ಸಹಿ ಮಾಡಿದೆ. ಹಾಜರಿ ಪುಸ್ತಕವನ್ನು ಆಮೇಲೆ ಅವರು ಹೊಸದಾಗಿ ಬರೆಸಿದರು.

ಮರುದಿನ ಕೈಗೆ ಬಂದ ಆದೇಶದಲ್ಲಿ ಚಿಂಚೋಳಿ ಎಂದಿತ್ತು.

ನಿನ್ನ ಅರ್ಜಿ ಬಂದಾಗ ಅದು ಅಭ್ಯಾಸದ ಪತ್ರವಲ್ಲ ಎಂದು ಮೊದಲ ಸಾಲಿಗೇ ತಿಳಿಯಿತು. ನಲವತ್ತೊಂದು ಎಂಬ ಅಂಕಿ ನನ್ನ ಕಣ್ಣೆದುರಿಗೇ ಬರೆದದ್ದು. ಆದರೂ ಕೆಂಪು ಪೆನ್ನು ತೆಗೆದೆ. ಅಂಕ ಹಾಕುತ್ತ ಕೂತರೆ ಓದಿದ್ದನ್ನು ಓದಿಲ್ಲವೆಂಬಂತೆ ಇರಬಹುದು. ಇದು ನಮ್ಮ ಕಸುಬಿನ ಅನುಕೂಲ. ನೀನು ಅದನ್ನೇ ಒಯ್ದು ಅವರಿಗೆ ಕೊಡುತ್ತೀಯೆಂದು ನನಗೆ ಹೊಳೆಯಲಿಲ್ಲ. ನನ್ನ ಅಂಕದ ಮೇಲೆ ಯಾರಾದರೂ ಅಷ್ಟು ನಂಬಿಕೆ ಇಟ್ಟಾರೆಂದು ನಾನು ಎಣಿಸಿರಲಿಲ್ಲ.

ಮೊನ್ನೆ ಚಿತ್ತಾಪುರದ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿದ್ದೆ. ಎಲ್ಲವನ್ನೂ ಬರೆದು, ಈ ಸಲ ಗೆರೆಯನ್ನು ಉದ್ದಕ್ಕೆ ಎಳೆದು ಸಹಿ ಮಾಡಿ ಒಯ್ದಿದ್ದೆ. ಕಚೇರಿಯಲ್ಲಿದ್ದವರು ಸಮಾಧಾನದಿಂದ ಕೇಳಿದರು. “ಮೇಡಂ, ಜನವರಿದಾಗ ತಂದಿದ್ರ ಏನಾರ ಆಗ್ತಿತ್ತು. ಈಗ ಪಟ್ಟಿ ಮುಚ್ಯಾವ್ರಿ. ಈ ಕಾಗದ ಕೊಟ್ರ ಹುಡುಗಿಗಿ ಏನೂ ಆಗೂದಿಲ್ಲ, ನಿಮಗ ಮಾತ್ರ ಆಗ್ತದ. ಕೊಡ್ತೀರೇನು, ನೋಡ್ರಿ” ಎಂದರು.

ನಾನು ಅದನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡು ಬಂದೆ.

ಇದನ್ನೂ ನಿನಗೆ ಹೇಳದೆ ಇರಬಹುದಿತ್ತು. ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ಹದಿನೈದು ವರ್ಷದ ನೀನು ನನ್ನ ಮೇಲೆ ಕನಿಕರ ಪಡಬೇಕಾಗುತ್ತದೆ, ಆ ಕೆಲಸವನ್ನೂ ನಿನ್ನ ಮೇಲೆ ಹಾಕಲಾರೆ. ಬರುವ ವರ್ಷ ನೀನು ಖಾಸಗಿಯಾಗಿ ಕಟ್ಟಲೇಬೇಕು. ಅರ್ಜಿ ತುಂಬುವುದು, ಪುಸ್ತಕ, ಎಲ್ಲ ನಾನು ನೋಡುತ್ತೇನೆ. ಒಂದು ಸಾಲು ಬರೆ. ಬೈದು ಬರೆದರೂ ಸರಿ.

ರಾಜೇಶ್ವರಿ


ವಾಡಿ ಸ್ಟೇಷನ್
24-3-2025

ಲುಂಬಿನಿ,

ಹತ್ತೊಂಬತ್ತು ದಿನ ನೋಡಿದೆ. ನೀನು ಬರೆಯಲಿಲ್ಲ. ಇವತ್ತು ರಜೆ ಹಾಕಿ ಚಿಂಚೋಳಿಯಿಂದ ಸೇಡಂಗೆ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ ಬಂದೆ. ಈಗ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಗಡಿಯಾರದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ನನ್ನ ಗಾಡಿಗೆ ಇನ್ನೂ ಹೊತ್ತಿದೆ. ನಿಮ್ಮ ಮನೆಯಲ್ಲಿ ಕಾಯಬಹುದಿತ್ತು. ಕಾಯಲಿಲ್ಲ.

ಬಾಗಿಲಿಗೆ ಚಿಲಕ ಹಾಕಿತ್ತು. ಅಂಗಳದ ಹಗ್ಗದ ಮೇಲೆ ನಿನ್ನ ಸಮವಸ್ತ್ರದ ದುಪಟ್ಟಾ ಒಂದೇ ಇತ್ತು, ಚೂಡಿದಾರ ಇರಲಿಲ್ಲ. ಸ್ಟೇಷನ್ನಿನಿಂದ ನಡೆದು ಬರುವಾಗ ನಮ್ಮ ಶಾಲೆಯ ಮುಂದೆಯೇ ಹಾದುಬಂದೆ. ಗೇಟಿನ ಹೊರಗೆ ಪರೀಕ್ಷೆ ಬರೆಯುವ ಮಕ್ಕಳ ತಾಯಂದಿರು ಕೊಡೆ ಹಿಡಿದು ಕೂತಿದ್ದರು. ಒಳಗೆ ಯಾರು ಕೂತಿದ್ದಾರೆ, ಯಾರು ಇಲ್ಲ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಅಲ್ಲಿ ಇರಲಿಲ್ಲ.

ನಾನು ನಿಮ್ಮ ಬಾಗಿಲ ಮುಂದೆ ನಿಂತದ್ದನ್ನು ನೋಡಿ ಮಾಸುಮಬಿ ಹೊರಗೆ ಬಂದರು. ನೀನು ಬರೆದು ಬರೆದು ಅವರು ನನಗೆ ಮೊದಲೇ ಪರಿಚಯವಾಗಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಅವರ ಮುಖ ಅರಳಿತು. ಅದನ್ನು ನೋಡಿಯೇ, ನೀನು ನನ್ನ ಬಗ್ಗೆ ಅವರಿಗೆ ಏನೂ ಹೇಳಿಲ್ಲವೆಂದು ತಿಳಿಯಿತು. ಒಳಗೆ ಬನ್ನಿ ಎಂದು ಕೈ ಹಿಡಿದರು. ಅವರು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತ ನಿಂತೆ. ನೀನು ಮುಚ್ಚಿದ್ದನ್ನು ನಾನು ಬಿಚ್ಚಲಿಲ್ಲ, ಅದೊಂದು ಭಯ ಬೇಡ. ಈ ಹೊತ್ತು ಪ್ಯಾಡು, ಪೆನ್ನು ಹಿಡಿದು ನೀನು ಎಲ್ಲಿ ಕೂತಿರುವೆಯೋ ನನಗೆ ಗೊತ್ತಿಲ್ಲ, ಹುಡುಕಲೂ ಇಲ್ಲ. ಚಿತ್ತಾಪುರದಿಂದ ಮಡಿಸಿ ತಂದ ಕಾಗದವನ್ನು ಅದೇ ಕಚೇರಿಯ ವಿಳಾಸಕ್ಕೆ ಇವತ್ತು ಇಲ್ಲಿಂದಲೇ ಅಂಚೆಗೆ ಹಾಕುತ್ತಿದ್ದೇನೆ. ಇದರಿಂದ ನಿನಗೆ ಏನೂ ಆಗುವುದಿಲ್ಲವೆಂದು ಗೊತ್ತು.

ಅವರು ಬಾಗಿಲಲ್ಲಿ ನಿಂತು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನಿನಗೆ ತಿಳಿದಿರಲಿ.

“ಅಯ್ಯ, ಇವತ್ತ ಗಣಿತ ಅದಲ್ರಿ ಮೇಡಂ, ಬರ್‍ಯಾಕ ಹೋಗ್ಯಾಳ. ಮೊದಲನೇ ಪೇಪರಿಗೂ ಹೋಗಿದ್ಳು. ಮುಂಜಾನಿ ಜಳಕ ಮಾಡಿ, ಡ್ರೆಸ್ ಹಾಕ್ಕೊಂಡು, ನನ್ನ ಕಾಲಿಗಿ ಬಿದ್ದು ಹೋದ್ಳ್ರಿ. ಮೊದಲ ಹ್ಯಾಂಗ ಹೆದರತಿತ್ತು ಪೋರಿ, ಈಗ ನೋಡ್ರಿ, ನಕ್ಕೋತ ಹೋಗಿ ನಕ್ಕೋತ ಬರ್ತಾಳ. ಎಲ್ಲಾ ನಿಮ್ಮ ಪುಣ್ಯಾ. ನಿಂತೀರಿ ಯಾಕ, ಕುಂದ್ರಿ, ಚಾ ಮಾಡ್ತೀನಿ. ಒಂದೂವರಿಗಿ ಬಂದೇಬಿಡ್ತಾಳ. ಪೇಪರ್ ಹ್ಯಾಂಗ ಇತ್ತು ಅಂತ ನೀವೇ ಕೇಳ್ರಿ.”